ಹಿರಿಯರು ಹತ್ತಿ ಇಳಿಯಬಲ್ಲ ಕಾರು

ಶರಣಧರ್ಮದ ಪರಿಭಾಷೆಯಲ್ಲಿ ಸ್ಥಾವರ, ಜಂಗಮ ಎಂಬ ಎರಡು ಮಾತುಗಳಿವೆ. ನಿಂತದ್ದು ಸ್ಥಾವರ, ಚಲಿಸುವುದು ಜಂಗಮ. ಈ ಮಾತುಗಳ ತಾತ್ವಿಕ ಅರ್ಥವನ್ನು ಪ್ರವಚನಗಳಲ್ಲಿ ಕೇಳಿ ತಲೆದೂಗುವ ನಾವು, ನಮ್ಮ ಮನೆಯ ಹಿರಿಯರೇ ದಿನದಿನಕ್ಕೆ ಸ್ಥಾವರವಾಗುತ್ತಿರುವುದನ್ನು ಗಮನಿಸುವುದಿಲ್ಲ. ಮಕ್ಕಳು ಬೆಂಗಳೂರು, ಪುಣೆಗಳಲ್ಲಿ ನೆಲೆನಿಂತ ಮೇಲೆ ಗದಗ ಸೀಮೆಯ ಅನೇಕ ಮನೆಗಳಲ್ಲಿ ತಂದೆತಾಯಿಗಳ ಸಲುವಾಗಿ ಕಾರು ಕೊಳ್ಳುವುದು ರೂಢಿಯಾಗಿದೆ. ಉದ್ದೇಶ ಒಳ್ಳೆಯದು. ಆದರೆ ಹಾಗೆ ಕೊಂಡ ಕಾರಿನಲ್ಲಿ ಆ ಹಿರಿಯರು ನಿಜವಾಗಿ ಕುಳಿತು ತಿರುಗುತ್ತಾರೆಯೇ? ಈ ತಿಂಗಳು ಆ ಪ್ರಶ್ನೆಯನ್ನು ವಿಚಾರಿಸೋಣ.

ನನ್ನ ಅಕ್ಕನಿಗೆ ಈಗ ಎಂಬತ್ತು ದಾಟಿದೆ. ಮುಂಡರಗಿ ಭಾಗದ ಹಳ್ಳಿಯೊಂದರಲ್ಲಿ ಆಕೆಯ ಮನೆ. ಡಂಬಳದ ತೋಂಟದಾರ್ಯ ಮಠದ ರೊಟ್ಟಿ ಜಾತ್ರೆ ಎಂದರೆ ಆಕೆಗೆ ವರ್ಷದ ದೊಡ್ಡ ಹಬ್ಬ. ಕೆಲವು ವರ್ಷಗಳ ಹಿಂದೆ ಆಕೆಯ ಮಗ ಎತ್ತರವಾದ ದೊಡ್ಡ ಕಾರೊಂದನ್ನು ತಂದು ಬಾಗಿಲಲ್ಲಿ ನಿಲ್ಲಿಸಿದ. “ಅವ್ವನ ಸಲುವಾಗೇ ತಂದೇನ್ರಿ ಮಾಮಾ” ಎಂದು ಅಭಿಮಾನದಿಂದ ಹೇಳಿದ. ಜಾತ್ರೆಯ ದಿನ ಅಕ್ಕ ಒಂದು ಕಾಲನ್ನೆತ್ತಿ ಮೆಟ್ಟಿಲ ಮೇಲಿಟ್ಟಳು. ಇನ್ನೊಂದು ಕಾಲು ಮೇಲೆ ಬರಲಿಲ್ಲ. ಹದಿನಾರು ಮೊಳದ ಸೀರೆ ಮೊಣಕಾಲಿಗೆ ತೊಡರಿತು. ನೆರೆಹೊರೆಯವರು ನೋಡುತ್ತಿದ್ದರು. ಆಕೆ ಕಾಲನ್ನು ಕೆಳಗಿಳಿಸಿ, “ನೀವು ಹೋಗಿ ಬರ್ರಿ ತಮ್ಮಾ, ನಂದಿನ್ನೂ ಪೂಜಿ ಐತಿ” ಎಂದಳು. ಆಕೆಯ ಪೂಜೆ ಬೆಳಗಿನ ಜಾವದಲ್ಲಿಯೇ ಮುಗಿದಿತ್ತು. ಅದನ್ನು ಬಲ್ಲ ನಾನೂ ಸುಮ್ಮನೆ ಹತ್ತಿ ಕುಳಿತೆ. ಆ ದಿನ ಡಂಬಳದ ದಾಸೋಹದಲ್ಲಿ ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ.

ಹಿರಿಯರು ತಮ್ಮಿಂದ ಆಗದೆಂದು ಹೇಳುವುದಿಲ್ಲ. ಪೂಜೆ ಇದೆ, ಬಿಸಿಲು ಇದೆ, ಮನೆಗೆ ಯಾರಾದರೂ ಬಂದಾರು ಎನ್ನುತ್ತಾರೆ. ನಾವು ಅದನ್ನೇ ನಂಬುತ್ತೇವೆ.

ಹಳೆಯ ಅಂಬಾಸಡರ್ ಕಾರನ್ನು ನೆನೆಯಿರಿ. 2014ರಲ್ಲಿ ಅದರ ತಯಾರಿಕೆ ನಿಂತಿತು. ರುಮಾಲು ಸುತ್ತಿದ ಹಿರಿಯರು ತಲೆ ತಗ್ಗಿಸದೆ ಅದರೊಳಗೆ ನೆಟ್ಟಗೆ ಕೂಡ್ರುತ್ತಿದ್ದರು. 1983ರಲ್ಲಿ ಬಂದ ಮಾರುತಿ 800 ಮಧ್ಯಮ ವರ್ಗದವರಿಗೂ ಕಾರಿನ ಭಾಗ್ಯ ತಂದಿತಾದರೂ, ಅದರ ತಗ್ಗಿನ ಆಸನದಿಂದ ಏಳುವುದು ವೃದ್ಧರಿಗೆ ಬಾವಿಯಿಂದ ಮೇಲೇರಿದಂತೆ. 1998ರಲ್ಲಿ ಸ್ಯಾಂಟ್ರೋ, 1999ರಲ್ಲಿ ವ್ಯಾಗನ್‌ಆರ್ ಬಂದ ಮೇಲೆ ಎತ್ತರ ಮೈಯ ಚಿಕ್ಕ ಕಾರುಗಳು ನಮ್ಮಲ್ಲಿ ಬಳಕೆಗೆ ಬಂದವು. ತೀರ ತಗ್ಗೂ ಅಲ್ಲದ, ತೀರ ಎತ್ತರವೂ ಅಲ್ಲದ ಇಂಥ ಬಗೆಯೇ ಮೊಣಕಾಲು ನೋವಿನವರಿಗೆ ಹೆಚ್ಚು ಹೊಂದುತ್ತದೆ. ಹೊಲದ ದಾರಿಯಲ್ಲಿ, ಕಪ್ಪತಗುಡ್ಡದ ಅಂಚಿನ ಹಳ್ಳಿಗಳ ರಸ್ತೆಯಲ್ಲಿ ತಳ ಉಜ್ಜದಷ್ಟು ಎತ್ತರವೂ ಬೇಕು. ಬೆಟಗೇರಿಯ ಇಕ್ಕಟ್ಟಾದ ಓಣಿಯಲ್ಲಿ ಮನೆಯ ಬಾಗಿಲವರೆಗೆ ಬಂದು, ತನ್ನ ಬಾಗಿಲನ್ನು ಪೂರ್ತಿ ತೆರೆಯುವಷ್ಟು ಕಿರಿದೂ ಆಗಿರಬೇಕು.

ಆಯ್ಕೆಗೆ ಒಂದು ಸುಲಭೋಪಾಯವಿದೆ. ಮನೆಯಲ್ಲಿ ಹಿರಿಯರು ಯಾರ ಆಸರೆಯೂ ಇಲ್ಲದೆ ಕುಳಿತು ಏಳುವ ಕುರ್ಚಿ ಯಾವುದೆಂದು ನೋಡಿರಿ. ನೆಲದಿಂದ ಅದರ ಆಸನದವರೆಗೆ ದಾರ ಹಿಡಿದು ಗಂಟು ಹಾಕಿರಿ. ಷೋರೂಮಿಗೆ ಹೋದಾಗ ಕಾರಿನ ಹೊರಗಿನ ನೆಲದಿಂದ ಆಸನಕ್ಕೆ ಅದೇ ದಾರ ಹಿಡಿಯಿರಿ. ಮೆತ್ತೆ ಕುಸಿಯುವುದರಿಂದ ಅದನ್ನು ಕೈಯಿಂದ ಒತ್ತಿ ಅಳೆಯಬೇಕು. ಗಂಟು ಹತ್ತಿರ ಹತ್ತಿರ ಹೊಂದಿದರೆ ಅರ್ಧ ಪರೀಕ್ಷೆ ಮುಗಿಯಿತು. ಉಳಿದರ್ಧಕ್ಕೆ ಹಿರಿಯರನ್ನೇ ಕರೆದೊಯ್ಯಬೇಕು, ಅದೂ ಅವರು ನಿತ್ಯ ಉಡುವ ಉಡುಪು, ಮೆಟ್ಟುವ ಚಪ್ಪಲಿಯಲ್ಲಿ. ಹತ್ತಿ ಇಳಿಯುವುದನ್ನು ಮೂರು ಸಲ ಮಾಡಿಸಿರಿ. ಮೊದಲ ಸಲ ಹುರುಪಿನಿಂದ ಹತ್ತಿಬಿಡುತ್ತಾರೆ. ಮೂರನೆಯ ಸಲ ಮೊಣಕಾಲು ನಿಜ ಹೇಳುತ್ತದೆ. ಬಾಗಿಲು ಅಗಲವಾಗಿ ತೆರೆಯುವುದೇ, ಹೊಸ್ತಿಲು ಎಡವುವುದೇ, ಹಿಡಿದುಕೊಳ್ಳಲು ಮೇಲೆ ಹಿಡಿಕೆ ಇದೆಯೇ, ವಾಕರ್ ಇಡಲು ಹಿಂದೆ ಸ್ಥಳವಿದೆಯೇ ಎಂಬುದನ್ನೂ ಪರಿಶೀಲಿಸಬೇಕು. ಬಣ್ಣ, ಪರದೆಗಳ ಮಾತು ಆಮೇಲೆ.

ಹತ್ತುವ ಕ್ರಮವನ್ನೂ ಕಲಿಸಬೇಕು. ಮುಂದಿನ ಆಸನವನ್ನು ಹಿಂದಕ್ಕೆ ಸರಿಸಿ, ಕಾರಿಗೆ ಬೆನ್ನು ಮಾಡಿ ನಿಂತು, ಮೊದಲು ಕುಳಿತು, ಆಮೇಲೆ ಎರಡೂ ಕಾಲುಗಳನ್ನು ಕೂಡಿಸಿ ಒಳಗೆ ತೆಗೆದುಕೊಳ್ಳಬೇಕು. ಇಳಿಯುವಾಗ ಎರಡೂ ಪಾದ ನೆಲಕ್ಕೆ ಊರಿದ ಮೇಲೆಯೇ ಏಳಬೇಕು. 2025ರ ಡಿಸೆಂಬರಿನಲ್ಲಿ ವ್ಯಾಗನ್‌ಆರ್ ಕಾರಿಗೆ ಹೊರಮುಖವಾಗಿ ತಿರುಗುವ ಆಸನವನ್ನು ಜೋಡಿಸುವ ಸೌಲಭ್ಯವೂ ಬಂದಿತು. ಕಾಲು ತೀರ ಬಗ್ಗದವರು ಅದನ್ನು ವಿಚಾರಿಸಬಹುದು.

ನಮ್ಮವರಿಗೆ ಇನ್ನೊಂದು ಸಂಗತಿಯನ್ನು ವಿಶೇಷವಾಗಿ ಹೇಳಬೇಕು. ಎದೆಯ ಮೇಲಿನ ಇಷ್ಟಲಿಂಗದ ಕರಡಿಗೆಗೆ ತಾಗುತ್ತದೆಂದು ಅನೇಕ ಹಿರಿಯರು ಸೀಟ್ ಬೆಲ್ಟ್ ಕಟ್ಟಿಕೊಳ್ಳಲು ಒಪ್ಪುವುದಿಲ್ಲ. ಕರಡಿಗೆಯನ್ನು ಪಟ್ಟಿಯ ಕೆಳಗೆ ಸಿಕ್ಕದಂತೆ ಪಕ್ಕಕ್ಕೆ ಸರಿಸಿಕೊಂಡು, ಪಟ್ಟಿಯು ಭುಜದಿಂದ ಎದೆಗೆ ಅಡ್ಡವಾಗಿಯೂ, ಸೊಂಟದ ಮೂಳೆಗೆ ಬಿಗಿಯಾಗಿಯೂ ಬರುವಂತೆ ಕಟ್ಟಿಕೊಂಡರೆ ಯಾವ ಅಡಚಣೆಯೂ ಇಲ್ಲ. ಲಿಂಗವನ್ನು ಧರಿಸಿದ ಕಾಯವನ್ನು ಕಾಪಾಡುವುದೂ ಲಿಂಗನಿಷ್ಠೆಯೇ ಆಗಿದೆ.

ಹಿರಿಯರೇ ಕಾರು ನಡೆಸುವವರಾಗಿದ್ದರೆ ಗೇರು ತಾನಾಗಿ ಬದಲಾಗುವ ಕಾರು ಎಡಗಾಲಿಗೆ ವಿಶ್ರಾಂತಿ ಕೊಡುತ್ತದೆ. 55 ವರ್ಷ ತುಂಬಿದವರಿಗೆ ಲೈಸೆನ್ಸ್ ಐದೈದು ವರ್ಷಗಳಿಗೆ ಮಾತ್ರ ನವೀಕರಣವಾಗುತ್ತದೆ. ಅದಕ್ಕೆ ವೈದ್ಯರ ಪ್ರಮಾಣಪತ್ರವೂ ಬೇಕು. ಅದನ್ನು ಕೇವಲ ಕಾಗದವೆಂದು ಬಗೆಯದೆ ಕಣ್ಣು, ಕಿವಿಗಳನ್ನು ನಿಜವಾಗಿ ಪರೀಕ್ಷಿಸಿಕೊಳ್ಳಬೇಕು.

ಕಾರು ಕೊಳ್ಳುವ ಶಕ್ತಿ ಎಲ್ಲರಿಗೂ ಇರಲಾರದು, ಇರಬೇಕಾಗಿಯೂ ಇಲ್ಲ. ತಿಂಗಳಿಗೊಮ್ಮೆ ಬಾಡಿಗೆಯ ಕಾರು ತಂದರೂ ಸಾಕು, ಅದು ಅವರು ಹತ್ತಬಲ್ಲ ಕಾರಾಗಿರಲಿ. ಹಿರಿಯರಿಗೆ ಬೇಕಾದದ್ದು ಹೆಚ್ಚಿನದೇನಲ್ಲ. ಶಿರಹಟ್ಟಿಯ ಫಕೀರೇಶ್ವರ ಮಠ, ಲಕ್ಷ್ಮೇಶ್ವರದ ಸೋಮೇಶ್ವರ ಗುಡಿ, ಗದುಗಿನ ವೀರೇಶ್ವರ ಪುಣ್ಯಾಶ್ರಮ, ಕಣ್ಣಿನ ಚಿಕಿತ್ಸೆಗೆ ಒಮ್ಮೆ ಹುಬ್ಬಳ್ಳಿ, ಬೀಗರ ಮನೆಯ ತೊಟ್ಟಿಲು. ಇಷ್ಟರಲ್ಲಿ ಅವರ ಜಗತ್ತು ಹಸಿರಾಗಿರುತ್ತದೆ. ಈ ದಾರಿಗಳು ಮುಚ್ಚಿದರೆ ಅವರು ಮನೆಯಲ್ಲಿದ್ದೂ ಒಂಟಿಯಾಗುತ್ತಾರೆ.

ನನ್ನ ಸೋದರಳಿಯ ಮೊದಲು ಒಂದು ಮರದ ಮಣೆ ಮಾಡಿಸಿದ. ಅದು ಅಲುಗಾಡಿ ಭಯ ಹುಟ್ಟಿಸಿತು. ಕೊನೆಗೆ ಆ ದೊಡ್ಡ ಕಾರನ್ನು ಮಾರಿ, ಒಬ್ಬರು ಬಳಸಿದ್ದ ಎತ್ತರ ಮೈಯ ಚಿಕ್ಕ ಕಾರನ್ನು ಕೊಂಡ. ಓಣಿಯವರು, “ದೊಡ್ಡದು ಮಾರಿ ಸಣ್ಣದು ತಂದಾನ” ಎಂದು ಆಡಿಕೊಂಡರಂತೆ. ಅವನು ಗಣಿಸಲಿಲ್ಲ. ಮರುವರ್ಷದ ರೊಟ್ಟಿ ಜಾತ್ರೆಯ ದಿನ ನಾನು ಹೋಗುವಷ್ಟರಲ್ಲಿ ಅಕ್ಕ ಮುಂದಿನ ಆಸನದಲ್ಲಿ ಕುಳಿತು, ತೊಡೆಯ ಮೇಲೆ ರೊಟ್ಟಿಯ ಗಂಟು ಇಟ್ಟುಕೊಂಡು, “ತಮ್ಮಾ, ಎಷ್ಟೊತ್ತು ಮಾಡ್ತಿ, ಹತ್ತು” ಎಂದು ನನ್ನನ್ನೇ ಅವಸರಿಸಿದಳು. ಅವಳನ್ನು ಯಾರೂ ಎತ್ತಿ ಕೂಡ್ರಿಸಿರಲಿಲ್ಲ.

ದಾಸೋಹವೆಂದರೆ ಅನ್ನ ನೀಡುವುದಷ್ಟೇ ಅಲ್ಲ, ಎದುರಿನವರ ಅಳತೆಗೆ ನಮ್ಮನ್ನು ತಗ್ಗಿಸಿಕೊಳ್ಳುವುದೂ ಹೌದು. ಕಾರು ಕೊಳ್ಳುವ ಮಗ, ಮಗಳು, ಸೊಸೆ, ಅಳಿಯಂದಿರು ಈ ಅಳತೆಯನ್ನು ಮರೆಯದಿರಲಿ.