ಮೊದಲ ಕಛೇರಿಯೇ ಕೊನೆಯದೂ ಆಗಬೇಕೆ?

ಅಮೆರಿಕದ ಕಾಲೇಜುಗಳ ಕಛೇರಿ ಹಂಗಾಮು ಸೆಪ್ಟೆಂಬರ್ ಸುಮಾರಿಗೆ ಶುರುವಾಗಿ ಮೇ ಹೊತ್ತಿಗೆ ಮುಗಿಯುತ್ತದೆ. ಯಾವ ಕಾಲೇಜಿನ ಪಟ್ಟಿ ತೆಗೆದರೂ ಅದರ ಮೈಕಟ್ಟು ಹೆಚ್ಚುಕಡಿಮೆ ಒಂದೇ. ಹೊರಗಿನಿಂದ ಬರುವ ಒಂದೆರಡು ಸ್ಟ್ರಿಂಗ್ ಕ್ವಾರ್ಟೆಟ್‌ಗಳು, ಅಧ್ಯಾಪಕರದೇ ಕೆಲವು ಕಛೇರಿಗಳು, ಸಮಕಾಲೀನ ಸಂಗೀತಕ್ಕೆಂದೇ ಕಟ್ಟಿಕೊಂಡ ತಂಡದ ಎರಡು ಮೂರು ಸಂಜೆಗಳು, ವರ್ಷದ ಕೊನೆಗೆ ಸಂಯೋಜನೆ ಕಲಿಯುವ ವಿದ್ಯಾರ್ಥಿಗಳ ಕೃತಿಗಳು. ಹೈಡನ್, ಬೀಥೋವನ್, ಬ್ರಾಮ್ಸ್ ಈ ವರ್ಷ ತಪ್ಪಿದರೆ ಮುಂದಿನ ವರ್ಷ ಬಂದೇ ಬರುತ್ತಾರೆ. ಹೊಸ ಕೃತಿಯ ಗತಿ ಬೇರೆ. ‘ಪ್ರಥಮ ಪ್ರಯೋಗ’ ಎಂಬ ಹಣೆಪಟ್ಟಿ ಹೊತ್ತು ವೇದಿಕೆಗೆ ಬರುತ್ತದೆ, ಕಾಲು ಗಂಟೆ ನುಡಿಯುತ್ತದೆ, ಸಂಯೋಜಕರು ಎದ್ದು ತಲೆಬಾಗುತ್ತಾರೆ, ಸ್ವರಲಿಪಿ ಕಪಾಟು ಸೇರುತ್ತದೆ. ಕಾಲೇಜುಗಳು ಹೊಸ ಸಂಗೀತಕ್ಕೆ ಜಾಗ ಕೊಡುತ್ತಿಲ್ಲ ಎಂಬ ದೂರು ಹಳೆಯದು. ಈಗ ಅದು ಅಷ್ಟು ನಿಜವೂ ಅಲ್ಲ. ಕೊಡುತ್ತಿವೆ, ಆದರೆ ಒಂದೇ ಒಂದು ಸಲ. ಕೆಡುಕಿರುವುದು ಆ ‘ಒಂದು ಸಲ’ದಲ್ಲಿ.

ಒಮ್ಮೆ ಕೇಳಿ ತೀರ್ಪು ಕೊಟ್ಟುಬಿಡುವುದು ಎಷ್ಟು ಅಪಾಯಕಾರಿ ಎಂದು ತಿಳಿಯಲು ಇಂದಿನ ಸಂಯೋಜಕರನ್ನೇ ಹುಡುಕಬೇಕಿಲ್ಲ. ಬೀಥೋವನ್‌ನ ಓಪಸ್ 127 ಕ್ವಾರ್ಟೆಟ್ 1825ರ ಮಾರ್ಚ್ 6ರಂದು ವಿಯೆನ್ನಾದಲ್ಲಿ ಷುಪಾನ್ಸಿಗ್ ತಂಡದ ಕೈಯಲ್ಲಿ ಸೋತಿತು. ತಾಲೀಮು ಸಾಲದಾಗಿತ್ತು, ಕೇಳುಗರಿಗೆ ತಲೆಬುಡ ಹತ್ತಲಿಲ್ಲ. ಬೀಥೋವನ್ ಅದನ್ನು ಯೋಸೆಫ್ ಬೋಮ್ ಎಂಬ ಪಿಟೀಲುವಾದಕನಿಗೆ ಒಪ್ಪಿಸಿ, ತಾಲೀಮಿಗೆ ತಾನೇ ಬಂದು ಕೂತ. ಆ ಹೊತ್ತಿಗೆ ಅವನ ಕಿವಿ ಪೂರಾ ಹೋಗಿತ್ತು. ಮೂಲೆಯಲ್ಲಿ ಕೂತು ನಾಲ್ಕು ಕಮಾನುಗಳ ಓಡಾಟವನ್ನೇ ಕಣ್ಣಿಟ್ಟು ನೋಡುತ್ತ, ಲಯ ಎಲ್ಲಿ ಹೆಚ್ಚುಕಡಿಮೆಯಾಯಿತು ಎಂದು ಹೇಳಿ ತಿದ್ದುತ್ತಿದ್ದನೆಂದು ಬೋಮ್ ನೆನಪಿಸಿಕೊಂಡಿದ್ದಾನೆ. ಅದೇ ತಿಂಗಳು ಬೋಮ್ ತಂಡ ಆ ಕ್ವಾರ್ಟೆಟ್ಟನ್ನು ಒಂದೇ ಸಂಜೆ ಎರಡು ಸಲ ನುಡಿಸಿತು, ಜನ ಒಪ್ಪಿದರು. ಕೃತಿ ಅದೇ, ಊರೂ ಅದೇ. ಹೆಚ್ಚಾಗಿದ್ದು ತಾಲೀಮು ಮತ್ತು ಕಿವಿಗೆ ಬಿದ್ದ ಸಲಗಳು.

ಇದನ್ನು ನಿಯಮವನ್ನಾಗಿಯೇ ಮಾಡಿದವರು ಆರ್ನಾಲ್ಡ್ ಶೋನ್‌ಬರ್ಗ್. 1918ರಲ್ಲಿ ಅವರು ವಿಯೆನ್ನಾದಲ್ಲಿ ಕಟ್ಟಿದ ಖಾಸಗಿ ಸಂಗೀತ ಸಂಘದಲ್ಲಿ ಚಪ್ಪಾಳೆ ತಟ್ಟುವಂತಿರಲಿಲ್ಲ, ವಿಮರ್ಶಕರು ಒಳಗೆ ಬರುವಂತಿರಲಿಲ್ಲ, ಆ ಸಂಜೆ ಏನು ನುಡಿಸುತ್ತಾರೆಂಬುದನ್ನು ಮುಂಚೆಯೇ ತಿಳಿಸುತ್ತಿರಲಿಲ್ಲ. ಚಪ್ಪಾಳೆಗೂ ನಿಷೇಧವೆಂದರೆ ಕೊಂಚ ಅತಿಯೇ. ಆದರೆ ಸಂಘದ ಲೆಕ್ಕ ನೋಡಿ: ಸುಮಾರು ಮೂರು ವರ್ಷಗಳಲ್ಲಿ 117 ಕಛೇರಿ, 154 ಕೃತಿ, 353 ಪ್ರಯೋಗ. ಅಂದರೆ ಪ್ರತಿ ಕೃತಿಗೂ ಸರಾಸರಿ ಎರಡಕ್ಕಿಂತ ಹೆಚ್ಚು ಅವಕಾಶ ಸಿಕ್ಕಿತ್ತು. ಹಣದುಬ್ಬರಕ್ಕೆ ಸಿಕ್ಕಿ ಸಂಘ ಮುಚ್ಚಿತಾದರೂ ಅದರ ಬುದ್ಧಿ ಸಮುದ್ರ ದಾಟಿತು. ಶೋನ್‌ಬರ್ಗ್ ಪಾಠ ಹೇಳುತ್ತಿದ್ದ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 1937ರ ಜನವರಿಯಲ್ಲಿ ರುಡಾಲ್ಫ್ ಕೋಲಿಷ್ ಅವರ ಕ್ವಾರ್ಟೆಟ್, ಶೋನ್‌ಬರ್ಗರ ನಾಲ್ಕೂ ಕ್ವಾರ್ಟೆಟ್‌ಗಳನ್ನು ಬೀಥೋವನ್‌ನ ಕೊನೆಗಾಲದ ಕ್ವಾರ್ಟೆಟ್‌ಗಳ ಪಕ್ಕದಲ್ಲೇ ಇಟ್ಟು ನುಡಿಸಿತು. ನಾಲ್ಕನೆಯದಕ್ಕೆ ಅದೇ ಮೊದಲ ಪ್ರಯೋಗ. ಅದನ್ನು ಬರೆಸಿದವರು ಚೇಂಬರ್ ಸಂಗೀತದ ದೊಡ್ಡ ದಾನಿ ಎಲಿಜಬೆತ್ ಸ್ಪ್ರೇಗ್ ಕೂಲಿಜ್. ಹೊಸದನ್ನು ಹೊಸದರ ಜೊತೆಯೇ ಕಟ್ಟಿಹಾಕಿ ‘ಸಮಕಾಲೀನ ಸಂಜೆ’ ಎಂಬ ಬೇರೆ ಕೋಣೆಗೆ ಕಳಿಸುವ ರೂಢಿಗೆ ಆಗಲೇ ಅಲ್ಲೊಂದು ಒಳ್ಳೆಯ ಉತ್ತರವಿತ್ತು.

ಇದನ್ನೆಲ್ಲ ಕಾಲೇಜೇ ಏಕೆ ಮಾಡಬೇಕು? ನಗರದ ಸಭಾಂಗಣ ಟಿಕೆಟ್ ನಂಬಿ ಬದುಕುತ್ತದೆ. ಪ್ರವಾಸದಲ್ಲಿರುವ ತಂಡ ಮರುದಿನವೇ ಬೇರೆ ಊರಲ್ಲಿರುತ್ತದೆ. ಕಾಲೇಜಿನ ಕೇಳುಗ ನಾಲ್ಕು ವರ್ಷ ಅಲ್ಲೇ ಇರುತ್ತಾನೆ, ವಾದಕರು ಇನ್ನೂ ಹೆಚ್ಚು ಕಾಲ ಇರುತ್ತಾರೆ. ಈ ಸ್ಥಿರತೆ ಎಂಥದ್ದೆಂಬುದಕ್ಕೆ ಬೆಲ್ಜಿಯಂನ ಪ್ರೊ ಆರ್ಟೆ ಕ್ವಾರ್ಟೆಟ್ ಸಾಕ್ಷಿ. 1940ರ ಮೇ ತಿಂಗಳಲ್ಲಿ ಅವರು ಮ್ಯಾಡಿಸನ್‌ನ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಬೀಥೋವನ್ ಸರಣಿ ನುಡಿಸುತ್ತಿದ್ದಾಗ ಹಿಟ್ಲರನ ಸೇನೆ ಬೆಲ್ಜಿಯಂಗೆ ನುಗ್ಗಿತು. ಊರಿಗೆ ಮರಳುವ ದಾರಿ ಮುಚ್ಚಿದವರನ್ನು ವಿಶ್ವವಿದ್ಯಾಲಯ ತನ್ನಲ್ಲೇ ಉಳಿಸಿಕೊಂಡಿತು. ಮುಂದೆ 1944ರಿಂದ ಆ ತಂಡವನ್ನು ಮುನ್ನಡೆಸಿದವರು ಅದೇ ಕೋಲಿಷ್. ಯುದ್ಧ ಮಾಡಿಸಿದ ಈ ಏರ್ಪಾಡನ್ನು ಆಮೇಲೆ ಬೇರೆ ವಿಶ್ವವಿದ್ಯಾಲಯಗಳೂ ಅನುಸರಿಸಿದವು. ವಾದಕರಿಗೆ ಸಂಬಳ ಸಿಕ್ಕಿತು, ಕೋಣೆ ಸಿಕ್ಕಿತು, ತಾಲೀಮಿಗೆ ಹೊತ್ತು ಸಿಕ್ಕಿತು. ಇಷ್ಟು ಇಟ್ಟುಕೊಂಡೂ ಒಂದು ಕೃತಿಯನ್ನು ಮೂರು ಸಲ ನುಡಿಸಲಾಗದು ಎಂದರೆ ನಂಬುವುದು ಕಷ್ಟ.

ಜಾರ್ಜ್ ಕ್ರಂ ಅವರ ‘ಬ್ಲ್ಯಾಕ್ ಏಂಜಲ್ಸ್’ ಇಲ್ಲಿ ಹತ್ತಿರದಿಂದ ನೋಡಬೇಕಾದ ಕೃತಿ. ಬರೆಸಿದ್ದು ಮಿಷಿಗನ್ ವಿಶ್ವವಿದ್ಯಾಲಯ. 1970ರ ಅಕ್ಟೋಬರಿನಲ್ಲಿ ಆನ್ ಆರ್ಬರ್‌ನಲ್ಲಿ ಮೊದಲು ನುಡಿಸಿದ್ದು ಅಲ್ಲಿನ ಅಧ್ಯಾಪಕರ ಸ್ಟ್ಯಾನ್ಲಿ ಕ್ವಾರ್ಟೆಟ್. ವಿಯೆಟ್ನಾಂ ಯುದ್ಧದ ನೆರಳಿನಲ್ಲಿ ಹುಟ್ಟಿದ ಈ ಕೃತಿಯಲ್ಲಿ ನಾಲ್ಕೂ ವಾದ್ಯಗಳ ಸದ್ದನ್ನು ವಿದ್ಯುತ್ ಬಲದಿಂದ ಹಿಗ್ಗಿಸುತ್ತಾರೆ. ವಾದಕರು ಬೇರೆ ಬೇರೆ ಭಾಷೆಗಳಲ್ಲಿ ಅಂಕಿಗಳನ್ನು ಪಿಸುಗುಡುತ್ತಾರೆ, ಕೂಗುತ್ತಾರೆ, ಜಾಗಟೆ ಬಾರಿಸುತ್ತಾರೆ. ಒಂದೆಡೆ ನೀರು ತುಂಬಿ ಶ್ರುತಿ ಮಾಡಿದ ಗಾಜಿನ ಲೋಟಗಳ ಅಂಚಿಗೆ ಕಮಾನು ಎಳೆಯುತ್ತಾರೆ. ಕಡ್ಡಿಯಿಂದ ಬಡಿಯುವ ಜಲತರಂಗವನ್ನು ಬಲ್ಲ ನಮ್ಮ ಕಿವಿಗೆ ಆ ದೀರ್ಘ ನಾದ ಗುರುತೂ ಹೌದು, ಅಪರಿಚಿತವೂ ಹೌದು. ನಡುವೆ ಶೂಬರ್ಟ್‌ನ ಒಂದು ಹಳೆಯ ಕ್ವಾರ್ಟೆಟ್ ದೂರದಿಂದೆಂಬಂತೆ ತೇಲಿ ಬರುತ್ತದೆ. ಮೊದಲ ಸಲ ಕೇಳಿದವರ ತಲೆಯಲ್ಲಿ ಉಳಿಯುವುದು ಕೂಗು ಮತ್ತು ಗಾಜು; ಅವೆಲ್ಲ ಎಷ್ಟು ಕಟ್ಟುನಿಟ್ಟಿನ ಸಮತೂಕದಲ್ಲಿ ಜೋಡಣೆಯಾಗಿವೆ ಎಂಬುದು ಮತ್ತೆ ಕೇಳದೆ ತಿಳಿಯದು. ಇದು ಆನ್ ಆರ್ಬರ್‌ನ ಆ ಒಂದು ಸಂಜೆಗೇ ಮುಗಿದಿದ್ದರೆ? ಮುಗಿಯಲಿಲ್ಲ. 1973ರಲ್ಲಿ ಡೇವಿಡ್ ಹ್ಯಾರಿಂಗ್ಟನ್ ರೇಡಿಯೊದಲ್ಲಿ ಅದನ್ನು ಕೇಳಿದರು. ಅದನ್ನು ನುಡಿಸಬೇಕೆಂಬ ಹಟದಿಂದಲೇ ಸಿಯಾಟಲ್‌ನಲ್ಲಿ ಕ್ರೊನೊಸ್ ಕ್ವಾರ್ಟೆಟ್ ಹುಟ್ಟಿತು.

ಅದು ಒಳ್ಳೆಯ ಕೃತಿ, ಹಾಗಾಗಿ ಉಳಿಯಿತು; ಬಹುಪಾಲು ಹೊಸ ಕೃತಿಗಳಿಗೆ ಒಂದು ಸಲವೇ ಹೆಚ್ಚು ಎನ್ನುವವರಿದ್ದಾರೆ. ಅವರ ಮಾತಿನ ಎರಡನೇ ಅರ್ಧ ನಿಜ. ಎಲ್ಲವನ್ನೂ ಮರಳಿ ನುಡಿಸಬೇಕೆಂದು ಯಾರೂ ಕೇಳುತ್ತಿಲ್ಲ. ಯಾವುದನ್ನು ಎಂಬುದನ್ನು ತಾಲೀಮಿನಲ್ಲಿ ಬೆವರು ಸುರಿಸಿದ ವಾದಕರು ಆರಿಸಲಿ, ಅವರಿಗೆ ಗೊತ್ತಿರುತ್ತದೆ. ಈಗ ಆ ಆಯ್ಕೆಗೆ ಅವಕಾಶವೇ ಇಲ್ಲ. ಒಳ್ಳೆಯದೂ ಕೆಟ್ಟದ್ದೂ ಒಟ್ಟಿಗೇ ಕಪಾಟು ಸೇರುತ್ತವೆ. ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ: ಕಾಲೇಜಿನ ಆಸರೆಯೇ ಹೊಸ ಸಂಗೀತವನ್ನು ಜನರಿಂದ ದೂರ ಮಾಡಿತು. ಪ್ರಿನ್ಸ್‌ಟನ್‌ನಲ್ಲಿದ್ದ ಮಿಲ್ಟನ್ ಬ್ಯಾಬಿಟ್ 1958ರಲ್ಲಿ ಬರೆದ ಲೇಖನ ಈ ವಾದದಲ್ಲಿ ಪದೇ ಪದೇ ಸಾಕ್ಷಿಯಾಗಿ ಬರುತ್ತದೆ. ಗಣಿತಜ್ಞನ ಸಂಶೋಧನೆಯನ್ನು ದಾರಿಹೋಕರ ಮೆಚ್ಚುಗೆಯಿಂದ ಅಳೆಯುವುದಿಲ್ಲ, ಸಂಯೋಜಕನಿಗೂ ವಿಶ್ವವಿದ್ಯಾಲಯ ಅಂಥದೇ ಆಸರೆ ಕೊಡಲಿ ಎಂಬುದು ಅವರ ನಿಲುವು. ಆಸರೆ ಬೇಕೆಂಬುದು ಸರಿ, ಹೋಲಿಕೆ ಕುಂಟುತ್ತದೆ. ಗಣಿತದ ಸಂಶೋಧನೆಯನ್ನು ಇನ್ನೊಬ್ಬ ಗಣಿತಜ್ಞ ಕೂತು ಮತ್ತೆ ಮತ್ತೆ ಓದಿ ಪರೀಕ್ಷಿಸುತ್ತಾನೆ. ಒಂದೇ ಸಲ ನುಡಿದು ನಿಂತ ಸಂಗೀತಕ್ಕೆ ಆ ಪರೀಕ್ಷೆಯೂ ಇಲ್ಲ, ದಾರಿಹೋಕರ ಮೆಚ್ಚುಗೆಯೂ ಇಲ್ಲ.

ಮರಳಿ ಕೇಳಿಸಿದರೆ ಎಳೆಯರಿಗೆ ಬೇಸರವಾಗುತ್ತದೆ ಎಂಬ ಭಯಕ್ಕೆ ಕ್ಯಾಲಿಫೋರ್ನಿಯಾದ ಮಿಲ್ಸ್ ಕಾಲೇಜಿನ ಚರಿತ್ರೆ ಉತ್ತರಿಸುತ್ತದೆ. 1970ರ ದಶಕದಲ್ಲಿ ಅಲ್ಲಿ ಟೆರ್ರಿ ರೈಲಿ ಕಲಿಸುತ್ತಿದ್ದರು, ಅವರ ಗುರು ಪಂಡಿತ್ ಪ್ರಾಣನಾಥರೂ ಕಲಿಸುತ್ತಿದ್ದರು. ಪ್ರಾಣನಾಥರು ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ವಹೀದ್ ಖಾನರ ಶಿಷ್ಯರು. ಅದೇ ಘರಾಣೆಯ ಅಬ್ದುಲ್ ಕರೀಂ ಖಾನರಿಂದ ಕುಂದಗೋಳದ ಸವಾಯಿ ಗಂಧರ್ವರಿಗೆ, ಅವರಿಂದ ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿಯವರಿಗೆ ಹರಿದುಬಂದ ಧಾರೆ ಕನ್ನಡಿಗರಿಗೆ ಮನೆಮಾತು. ಒಂದು ಸ್ವರದ ಮೇಲೆ ನಿಲ್ಲುವ, ಅವಸರವಿಲ್ಲದೆ ರಾಗ ಬೆಳೆಸುವ ಆ ಪದ್ಧತಿಯಲ್ಲಿ ಮರಳಿ ಕೇಳುವುದೇ ಶಿಕ್ಷಣ. ನಮ್ಮಲ್ಲಿ ಪ್ರತಿ ಸಲವೂ ಮನೋಧರ್ಮ ಬೇರೆ, ಅಲ್ಲಿ ಸ್ವರಲಿಪಿ ಬದಲಾಗದು ಎನ್ನಬಹುದು. ಆದರೆ ಗುರುವಿನ ಬಳಿಗೆ ಹೋಗುವ ಮೊದಲೇ, 1964ರಲ್ಲಿ, ರೈಲಿ ‘ಇನ್ ಸಿ’ ರಚಿಸಿದ್ದರು. 53 ಪುಟ್ಟ ಸ್ವರಗುಚ್ಛಗಳು. ಒಂದೊಂದನ್ನು ಎಷ್ಟು ಸಲ ನುಡಿಸಬೇಕೆಂಬುದು ವಾದಕರ ಇಷ್ಟ. ಎರಡು ಪ್ರಯೋಗಗಳು ಒಂದೇ ಥರ ಇರಲಾರವು, ಕಾಲೇಜು ತಂಡಗಳಿಗೆ ಅದು ಇಂದಿಗೂ ಹಳತಾಗಿಲ್ಲ. ಕ್ರೊನೊಸ್ ತಂಡಕ್ಕೂ ರೈಲಿಗೂ ನಂಟು ಬೆಳೆದದ್ದು ಇದೇ ಮಿಲ್ಸ್‌ನಲ್ಲಿ. ಆ ಕಾಲೇಜು 2022ರಲ್ಲಿ ಹಣದ ಮುಗ್ಗಟ್ಟಿನಿಂದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದೊಳಗೆ ಸೇರಿಹೋಯಿತು.

ಆ ಮುಗ್ಗಟ್ಟೇ ಕೊನೆಯ ಆಕ್ಷೇಪ: ದುಡ್ಡೆಲ್ಲಿದೆ? ಆದರೆ ಮರುಪ್ರಯೋಗ ಖರ್ಚಿನ ಬಾಬತ್ತೇ ಅಲ್ಲ, ಉಳಿತಾಯದ್ದು. ಒಂಬತ್ತು ಹೊಸ ಕೃತಿಗಳನ್ನು ಅರೆಬರೆ ತಾಲೀಮಿನಲ್ಲಿ ದಾಟಿಸುವ ಬದಲು ಮೂರನ್ನು ಮೂರು ಮೂರು ಸಲ ನುಡಿಸಿದರೆ ಬರೆಸುವ ಹಣವೂ ಉಳಿಯುತ್ತದೆ, ಕಲಿಯುವ ಹೊತ್ತೂ ಉಳಿಯುತ್ತದೆ. ಬರೆಸಲು ಕಾಸಿಲ್ಲದ ಕಾಲೇಜಿಗೆ ಕ್ರೊನೊಸ್ 2015ರಿಂದ ಎಳೆಯ ಕ್ವಾರ್ಟೆಟ್‌ಗಳಿಗೆಂದೇ ಬರೆಸಿ ಪುಕ್ಕಟೆ ಹಂಚುತ್ತಿರುವ ಐವತ್ತು ಕೃತಿಗಳಿವೆ. ಅದರಲ್ಲಿ ಜಾಕಿರ್ ಹುಸೇನರ ‘ಪಲ್ಲವಿ’ಯೂ ಇದೆ. ನಷ್ಟವಾಗುವುದು ವಿದ್ಯಾರ್ಥಿ ಸಂಯೋಜಕರಿಗೆ: ಅರ್ಜಿಯಲ್ಲಿ ತೋರಿಸಲು ಅವರಿಗೆ ಪ್ರಥಮ ಪ್ರಯೋಗಗಳ ಪಟ್ಟಿ ಬೇಕು, ಅದು ಮೊಟಕಾಗುತ್ತದೆ. ಅದಕ್ಕೆ ಬದಲಾಗಿ ಅವರಿಗೆ ದಕ್ಕುವುದು ಎರಡು ಪ್ರಯೋಗಗಳ ನಡುವಿನ ಕೆಲವು ವಾರಗಳು, ತಿದ್ದಲು. ಹೊಸ ಕೃತಿ ಬರೆಸುವ ಒಪ್ಪಂದದಲ್ಲಿಯೇ ಎರಡನೇ ಪ್ರಯೋಗದ ದಿನಾಂಕ ನಮೂದಿಸಬೇಕೆಂಬ ಒಂದು ಸಾಲು ಸೇರಿಸಲು ಯಾವ ಕಾಲೇಜಿಗೂ ಹೊಸ ಸಭಾಂಗಣ ಕಟ್ಟಬೇಕಿಲ್ಲ.