ತಲೆಗೆ ತಣ್ಣೀರು, ಮಿದುಳಿಗೆ ತಂಪು

ಶೀತದಲ್ಲಿ ರಾಸಾಯನಿಕ ಕ್ರಿಯೆಗಳು ನಿಧಾನವಾಗುತ್ತವೆ ಎಂಬುದಕ್ಕೆ ನಾನು ತರಗತಿಯಲ್ಲಿ ಫ್ರಿಜ್ಜಿನಲ್ಲಿಟ್ಟ ಹಾಲಿನ ಉದಾಹರಣೆ ಕೊಡುತ್ತಿದ್ದೆ. ಅದೇ ತತ್ತ್ವದಿಂದ, ಪಾರ್ಶ್ವವಾಯು ಬಡಿದ ಮಿದುಳನ್ನು ತಂಪಾಗಿಸಿ ರಕ್ಷಿಸುವ ಪ್ರಯತ್ನಗಳ ಬಗ್ಗೆ ಓದಿದಾಗ ಸಂತೋಷವಾಯಿತು. ಹಳೆಯ ನೋವೊಂದೂ ಮರುಕಳಿಸಿತು.

ಕೆಲವು ವರ್ಷಗಳ ಹಿಂದೆ ನಾಯಂಡಹಳ್ಳಿಯ ನಮ್ಮ ಬೀದಿಯಲ್ಲಿ ನೆರೆಮನೆಯ ಹಿರಿಯರೊಬ್ಬರು ಬೆಳಗಿನ ಕಾಫಿ ಕುಡಿಯುತ್ತಿದ್ದಂತೆಯೇ ಕುಸಿದರು. ಬಾಯಿ ಸೊಟ್ಟಗಾಯಿತು, ಬಲಗೈ ಜೋತುಬಿತ್ತು. "ಪಿತ್ತ ನೆತ್ತಿಗೇರಿದೆ" ಎಂದು ಒಬ್ಬರು ತಲೆಗೆ ತಣ್ಣೀರು ಸುರಿದರು. ಇನ್ನೊಬ್ಬರು ನೀರು ಕುಡಿಸಲು ಹೊರಟರು. ವಿಜ್ಞಾನ ಬೋಧಿಸಿದ ನಾನೂ ಒದ್ದೆ ಬಟ್ಟೆ ಹಿಡಿದು ನಿಂತಿದ್ದೆ! ಹೀಗೆ ಒಂದೂವರೆ ಗಂಟೆ ಕಳೆಯಿತು; ಮೈಸೂರು ರಸ್ತೆಯ ವಾಹನದಟ್ಟಣೆ ಇನ್ನಷ್ಟನ್ನು ನುಂಗಿತು. ಅವರು ಬದುಕಿದರು, ಮಾತು ಮರಳಲಿಲ್ಲ.

ಮಿದುಳಿನ ದೊಡ್ಡ ರಕ್ತನಾಳ ಕಟ್ಟಿಕೊಂಡರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ನಾಶವಾಗುತ್ತವೆ ಎಂದು 2006ರಲ್ಲಿ ಅಂದಾಜು ಮಾಡಲಾಯಿತು. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಹೆಪ್ಪನ್ನು ಕ್ಯಾಥೆಟರ್ ಮೂಲಕ ಹೊರತೆಗೆಯುವ ಚಿಕಿತ್ಸೆಯ ಪ್ರಯೋಜನ 2015ರ ಅಧ್ಯಯನಗಳಿಂದ ದೃಢಪಟ್ಟಿತು. ರಕ್ತ ಮರಳಿ ಹರಿದ ಮೇಲೂ ಕೋಶಗಳಿಗೆ ಹಾನಿಯಾಗಬಹುದು. ತಂಪಿನ ಪ್ರಯೋಗ ಅದನ್ನು ತಡೆಯಲೆಂದೇ.

ಆದರೆ ಇಡೀ ಮೈಯನ್ನು ತಣ್ಣಗಾಗಿಸಿದರೆ ನಡುಕ, ನ್ಯುಮೋನಿಯಾಗಳ ಭಯವಿದೆ. ಯೂರೋಪಿನಲ್ಲಿ 1500 ರೋಗಿಗಳ ಗುರಿಯಿಟ್ಟು ಆರಂಭಿಸಿದ ಅಧ್ಯಯನ 98 ಮಂದಿಗೇ ನಿಂತಿತು, ಪ್ರಯೋಜನ ಕಾಣಲಿಲ್ಲ. ನಾಳದೊಳಗೆ ತಣ್ಣನೆಯ ಸಲೈನ್ ಹರಿಸಿ ಮಿದುಳನ್ನಷ್ಟೇ ತಂಪಾಗಿಸುವ ವಿಧಾನ ಇನ್ನೂ ಸಂಶೋಧನೆಯ ಹಂತದಲ್ಲಿದೆ. ಜನನದ ವೇಳೆ ಉಸಿರುಗಟ್ಟಿದ ಶಿಶುಗಳಿಗೆ ಶ್ರೀಮಂತ ದೇಶಗಳಲ್ಲಿ ತಂಪು ವರವಾಗಿದೆ. ಆದರೆ ಭಾರತ, ಶ್ರೀಲಂಕಾ, ಬಾಂಗ್ಲಾದೇಶಗಳ 408 ಶಿಶುಗಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತಂಪಾಗಿಸಿದ ಗುಂಪಿನಲ್ಲೇ ಸಾವು ಹೆಚ್ಚು: ಶೇ. 42, ಇನ್ನೊಂದರಲ್ಲಿ ಶೇ. 31. ಪರದೇಶದ ಮದ್ದನ್ನು ನಮ್ಮ ನೆಲದಲ್ಲಿಯೂ ಪರೀಕ್ಷಿಸಿಯೇ ಒಪ್ಪಬೇಕೆಂಬುದಕ್ಕೆ ಇದಕ್ಕಿಂತ ಪಾಠ ಬೇಕೆ?

ಆದುದರಿಂದ ನನ್ನ ಅಭಿಪ್ರಾಯ ಇಷ್ಟೆ: ತಂಪಿನ ಚಿಂತೆ ವೈದ್ಯರಿಗಿರಲಿ. ನಮ್ಮ ಪಾಲಿನ ಕರ್ತವ್ಯ ಸಮಯ ಉಳಿಸುವುದು. ಮುಖ ಸೊಟ್ಟಗಾಯಿತೆ, ಕೈ ಜೋತುಬಿತ್ತೆ, ಮಾತು ತೊದಲಿತೆ? ತಲೆಗೆ ನೀರು ಸುರಿಯಬೇಡಿ, ಬಾಯಿಗೆ ಏನನ್ನೂ ಹಾಕಬೇಡಿ. ನುಂಗಲಾಗದ ನೀರು ಶ್ವಾಸಕೋಶ ಸೇರೀತು. ರೋಗಿ ಕೊನೆಯ ಬಾರಿ ಸರಿಯಿದ್ದ ಹೊತ್ತನ್ನು ಬರೆದಿಟ್ಟುಕೊಳ್ಳಿ. 108ಕ್ಕೆ ಕರೆಮಾಡಿ, ಸಿ.ಟಿ. ಸ್ಕ್ಯಾನ್ ಹಾಗೂ ಪಾರ್ಶ್ವವಾಯು ಚಿಕಿತ್ಸೆ ಇರುವ ಆಸ್ಪತ್ರೆಗೇ ಹೋಗಿ.

ಆ ಹಿರಿಯರು ಈಗಲೂ ನನ್ನನ್ನು ಕಂಡರೆ ಎಡಗೈ ಎತ್ತುತ್ತಾರೆ. ನಾನು ತಲೆತಗ್ಗಿಸುತ್ತೇನೆ.