ಬೇಲಿ ಹಾರುವ ಓಟ ನಿಂತಿತು, ಲಾಯದವರ ಪಾಡೇನು?

ಆಸ್ಟ್ರೇಲಿಯದ ಅಡಿಲೇಡ್ ನಗರಕ್ಕೆ ತಾಗಿದ ಗುಡ್ಡಗಳಲ್ಲಿ ಓಕ್‌ಬ್ಯಾಂಕ್ ಎಂಬ ಸಣ್ಣ ಊರಿದೆ. ಈಸ್ಟರ್ ಹಬ್ಬದ ವಾರಾಂತ್ಯದಲ್ಲಿ ಅಲ್ಲಿ ಕುದುರೆ ಓಟ ನಡೆಯುವುದು ಒಂದು ಶತಮಾನಕ್ಕೂ ಹಳೆಯ ರೂಢಿ. ಬುತ್ತಿ ಕಟ್ಟಿಕೊಂಡು ಬಂದ ಕುಟುಂಬಗಳು ಹುಲ್ಲುಹಾಸಿನ ಮೇಲೆ ಕುಳಿತು, ಕುದುರೆಗಳು ಅಡ್ಡಬೇಲಿಗಳನ್ನು ಹಾರಿ ಓಡುವುದನ್ನು ನೋಡುತ್ತಿದ್ದವು. 2021ರ ಈಸ್ಟರ್ ಆ ಜಿಗಿತದ ಓಟಕ್ಕೆ ಕೊನೆಯದಾಯಿತು. ಮುಂದಿನ ವರ್ಷದಿಂದ ಅದು ಇರುವುದಿಲ್ಲವೆಂದು ಅದೇ ಅಕ್ಟೋಬರಿನಲ್ಲಿ ದಕ್ಷಿಣ ಆಸ್ಟ್ರೇಲಿಯ ರಾಜ್ಯದ ರೇಸ್ ಆಡಳಿತ ಮಂಡಳಿ ಘೋಷಿಸಿತು. 2022ರಲ್ಲಿ ರಾಜ್ಯದ ಸಂಸತ್ತು ಕಾನೂನಿನ ಮೂಲಕವೇ ಅದನ್ನು ನಿಷೇಧಿಸಿತು. ಈಗ ಅಲ್ಲಿ ಸಮತಟ್ಟಾದ ಓಟಗಳಷ್ಟೇ ನಡೆಯುತ್ತವೆ.

ಈ ಓಟದ ಹೆಸರಿನಲ್ಲೇ ಇಗರ್ಜಿ ಇದೆಯೆಂಬುದು ನಮ್ಮ ಓದುಗರಿಗೆ ಕುತೂಹಲದ ಸಂಗತಿಯಾಗಬಹುದು. 1752ರಲ್ಲಿ ಐರ್ಲೆಂಡಿನ ಕಾರ್ಕ್ ಪ್ರಾಂತದ ಇಬ್ಬರು, ಬಟ್ಟವಂಟ್ ಊರಿನ ಇಗರ್ಜಿಯಿಂದ ಡೋನರೈಲ್ ಊರಿನ ಇಗರ್ಜಿಯ ಗೋಪುರವನ್ನೇ ಗುರಿಯಾಗಿಟ್ಟು, ನಡುವಿನ ಬೇಲಿ ಹಳ್ಳಗಳನ್ನು ಹಾರಿ ಪಂದ್ಯ ಓಡಿದರಂತೆ. ‘ಸ್ಟೀಪಲ್’ ಎಂದರೆ ಇಗರ್ಜಿಯ ಚೂಪು ಗೋಪುರ; ಹಾಗಾಗಿ ಇದು ‘ಸ್ಟೀಪಲ್‌ಚೇಸ್’. ವಲಸೆ ಹೋದ ಐರಿಷರು ಮತ್ತು ಆಂಗ್ಲರು ಜಪಮಾಲೆ, ಬೈಬಲ್ಲುಗಳ ಜೊತೆಗೆ ಇದನ್ನೂ ಒಯ್ದರು. ಸಂತ ಮೇರಿ ಮೆಕಿಲಪ್ ಅವರೊಡನೆ 1866ರಲ್ಲಿ ಪೆನೋಲಾದಲ್ಲಿ ಕನ್ಯಾಸ್ತ್ರೀಯರ ಸಭೆಯನ್ನು ಆರಂಭಿಸಿದ ಫಾದರ್ ಜೂಲಿಯನ್ ಟೆನಿಸನ್ ವುಡ್ಸ್, ಬೇಲಿ ಹಾರಿಸುವ ಸವಾರನೆಂದು ಹೆಸರಾಗಿದ್ದ ಕವಿ ಆಡಂ ಲಿಂಡ್ಸೆ ಗಾರ್ಡನನ ಗೆಳೆಯರಾಗಿದ್ದರು. ಆ ಸೀಮೆಯ ಜನರಿಗೆ ಈ ಆಟ ಕೇವಲ ಜೂಜಲ್ಲ, ಮನೆತನದ ನೆನಪು.

ಹಾಗಾದರೆ ನಿಲ್ಲಿಸಿದ್ದೇಕೆ? ಕುದುರೆಗಳು ಸಾಯುತ್ತವೆ ಎಂಬುದೇ ನೇರ ಉತ್ತರ. ನೆರೆಯ ವಿಕ್ಟೋರಿಯ ರಾಜ್ಯದಲ್ಲಿ 1989ರಿಂದ 2004ರವರೆಗಿನ ಓಟಗಳನ್ನು ಪರಿಶೀಲಿಸಿ 2006ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಸಮತಟ್ಟಾದ ಓಟದಲ್ಲಿ 1000 ಸ್ಪರ್ಧೆಗೆ 0.44 ಕುದುರೆ ಸತ್ತರೆ, ಜಿಗಿತದ ಓಟದಲ್ಲಿ 8.3. ಅಂದರೆ ಸುಮಾರು 19 ಪಟ್ಟು. ಹಂತ ಹಂತವಾಗಿ ನಿಲ್ಲಿಸಬೇಕೆಂದು ಆಸ್ಟ್ರೇಲಿಯದ ಸೆನೆಟ್ ಸಮಿತಿ 1991ರಲ್ಲೇ ಹೇಳಿತ್ತು. ನ್ಯೂ ಸೌತ್ ವೇಲ್ಸ್ 1997ರಲ್ಲಿ ನಿಷೇಧಿಸಿತು. ಟಾಸ್ಮೇನಿಯದಲ್ಲಿ 2007ರಲ್ಲಿ ನಿಂತಿತು.

ಧರ್ಮಸಭೆಯ ನಿಲುವು ಇಲ್ಲಿ ಅಸ್ಪಷ್ಟವಲ್ಲ. ಕೆಲಸಕ್ಕೂ ವಿರಾಮಕ್ಕೂ ಪ್ರಾಣಿಗಳನ್ನು ಪಳಗಿಸಬಹುದು, ಆದರೆ ಅವುಗಳನ್ನು ಅನಗತ್ಯವಾಗಿ ನೋಯಿಸುವುದು, ಕೊಲ್ಲುವುದು ಮನುಷ್ಯನ ಘನತೆಗೇ ವಿರುದ್ಧವೆಂದು ಕಥೋಲಿಕ ಧರ್ಮೋಪದೇಶ ಗ್ರಂಥ ಕಲಿಸುತ್ತದೆ. 1567ರಷ್ಟು ಹಿಂದೆಯೇ ಸಂತ ಐದನೇ ಪಿಯೂಸ್ ಜಗದ್ಗುರುಗಳು ಗೂಳಿ ಕಾಳಗವನ್ನು ಖಂಡಿಸಿ ನಿಷೇಧದ ಆಜ್ಞೆ ಹೊರಡಿಸಿದ್ದರು. ಮನರಂಜನೆಗಾಗಿ 19 ಪಟ್ಟು ಅಪಾಯವನ್ನು ಸಮರ್ಥಿಸುವುದು ಕಷ್ಟವೆಂದೇ ನಮ್ಮ ಅಭಿಪ್ರಾಯ.

ಆದರೆ ಕಾನೂನು ಪಾಸಾದ ಮರುದಿನ ಲಾಯದಲ್ಲಿ ಏನಾಗುತ್ತದೆ ಎಂಬುದನ್ನೂ ಕೇಳಬೇಕಲ್ಲ. ಜಿಗಿತದ ಓಟ ಶ್ರೀಮಂತರ ರೇಸಿನ ಬಡ ತಮ್ಮನಿದ್ದಂತೆ. ಸಮತಟ್ಟಿನಲ್ಲಿ ವೇಗ ಸಾಲದ, ಆದರೆ ದಮ್ಮಿರುವ ಕುದುರೆಗಳಿಗೆ ಇದು ಎರಡನೆಯ ಬದುಕು. ಮೈತೂಕ ಹೆಚ್ಚಾಗಿ ಸಾಮಾನ್ಯ ಓಟಕ್ಕೆ ಒಗ್ಗದ ಜಾಕಿಗಳಿಗೂ ಹಾಗೆಯೇ. ಬೆರಳೆಣಿಕೆಯ ಕುದುರೆಗಳನ್ನು ಸಾಕಿ, ಗಂಡ ಹೆಂಡತಿ ಮಕ್ಕಳೇ ಸೇರಿ ಲಾಯ ನಡೆಸುವ ತರಬೇತುದಾರರು ಇದರಲ್ಲಿದ್ದಾರೆ. ಬೆಳಗಿನ ಜಾವ ಲದ್ದಿ ಬಾಚುವ ಹುಡುಗಿ, ಲಾಳ ಹೊಡೆಯುವವ, ಒಣಹುಲ್ಲು ಮಾರುವ ರೈತ, ಹಬ್ಬದ ವಾರದಲ್ಲಿ ವರ್ಷದ ಲಾಭ ಕಾಣುವ ಹೋಟೆಲಿನವ, ಇವರೆಲ್ಲರ ಲೆಕ್ಕದಲ್ಲೂ ಅದು ಇತ್ತು. ಇನ್ನು ಓಡಿಸಲೇಬೇಕೆಂದರೆ ಕುದುರೆಯನ್ನು ಲಾರಿಗೆ ಹತ್ತಿಸಿ ವಿಕ್ಟೋರಿಯಕ್ಕೆ ಒಯ್ಯಬೇಕು. ಗಡಿಯ ಪಕ್ಕದ ಮೌಂಟ್ ಗ್ಯಾಂಬಿಯರಿನಿಂದ ವಾರ್ನಂಬೂಲ್‌ಗೆ ಸುಮಾರು 200 ಕಿಲೋಮೀಟರ್, ಅಡಿಲೇಡ್ ಕಡೆಯವರಿಗೆ ಅದರ ಮೂರು ಪಟ್ಟು. ಇಂಧನದ ಖರ್ಚು ಸಣ್ಣ ಲಾಯದವರನ್ನೇ ಮೊದಲು ಹೊರದಬ್ಬುತ್ತದೆ.

ರೇಸ್ ಮಂಡಳಿ ಮುಂದಿಟ್ಟ ಕಾರಣ ದಯೆಗಿಂತ ಹೆಚ್ಚಾಗಿ ಲೆಕ್ಕದ್ದಾಗಿತ್ತು: ಕುದುರೆಗಳೂ ತರಬೇತುದಾರರೂ ಕಡಿಮೆಯಾಗಿದ್ದಾರೆ, ನಡೆಸಿ ಪ್ರಯೋಜನವಿಲ್ಲ ಎಂದು. ಅಂದರೆ ಆ ಸಮುದಾಯ ಮೊದಲೇ ಬತ್ತುತ್ತಿತ್ತು. ಎಣಿಕೆಯಲ್ಲಿ ಕಡಿಮೆ ಇರುವವರ ಅಳಲು ಸಂಸತ್ತಿನಲ್ಲಿ ಕೇಳಿಸುವುದಿಲ್ಲ.

ಇನ್ನು ಕುದುರೆಯ ವಿಚಾರ. ಓಟವಿಲ್ಲದ ಕುದುರೆಗೆ ಹಸಿರು ಹುಲ್ಲುಗಾವಲು ತಾನಾಗಿ ಸಿಗುವುದಿಲ್ಲ. ನಿವೃತ್ತ ರೇಸ್ ಕುದುರೆಗಳನ್ನು ಕ್ವೀನ್ಸ್‌ಲ್ಯಾಂಡಿನ ಕಸಾಯಿಖಾನೆಯೊಂದರಲ್ಲಿ ಕೊಲ್ಲುತ್ತಿದ್ದುದನ್ನು 2019ರ ಅಕ್ಟೋಬರಿನಲ್ಲಿ ಆಸ್ಟ್ರೇಲಿಯದ ಸರಕಾರಿ ಟೀವಿ ಎಬಿಸಿ ತೋರಿಸಿದಾಗ ದೇಶವೇ ದಂಗಾಗಿತ್ತು. ಅವು ಬೇಲಿ ಹಾರುವಾಗ ಬಿದ್ದು ಸತ್ತವುಗಳಲ್ಲ.

ನಮ್ಮ ಕರಾವಳಿಯವರಿಗೆ ಈ ವಾದಗಳು ಹೊಸತಲ್ಲ. 2016ರ ನವೆಂಬರಿನಲ್ಲಿ ಹೈಕೋರ್ಟು ಕಂಬಳಕ್ಕೆ ತಡೆ ನೀಡಿದಾಗ ಕೋಣ ಸಾಕುವ ಮನೆಗಳಲ್ಲಿ ಇದೇ ಮಾತು ಕೇಳಿಬಂದಿತ್ತು. ಇಲ್ಲಿ ಕಾನೂನಿಗೇ ತಿದ್ದುಪಡಿಯಾಯಿತು, 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರ ಪೀಠ ಅದನ್ನು ಎತ್ತಿಹಿಡಿಯಿತು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಕೋಣಗಳು ಗದ್ದೆಯ ಕೆಸರಿನಲ್ಲಿ ಓಡುತ್ತವೆಯೇ ಹೊರತು ಬೇಲಿ ಹಾರುವುದಿಲ್ಲ. ಆದರೆ ತೀರ್ಪಿಗೆ ಕಾಯುವ ಮನೆಯೊಳಗಿನ ಆತಂಕ ನಮಗೆ ಗೊತ್ತು.

ಈಗ ಆಸ್ಟ್ರೇಲಿಯದಲ್ಲಿ ಉಳಿದಿರುವುದು ವಿಕ್ಟೋರಿಯ ಮಾತ್ರ. ವಾರ್ನಂಬೂಲಿನಲ್ಲಿ ಮೇ ತಿಂಗಳ ಮೂರು ದಿನಗಳ ಜಾತ್ರೆಗೆ ‘ಗ್ರ್ಯಾಂಡ್ ಆ್ಯನ್ಯುವಲ್’ ಕಳಶವಿದ್ದಂತೆ: ಸುಮಾರು ಐದೂವರೆ ಕಿಲೋಮೀಟರ್, 33 ಜಿಗಿತಗಳು. 2009ರ ಜಾತ್ರೆಯಲ್ಲಿ ಮೂರು ಕುದುರೆಗಳು ಸತ್ತಾಗ ಓಟ ತಾತ್ಕಾಲಿಕವಾಗಿ ನಿಂತಿತ್ತು. 2010ರ ನಂತರ ಪೂರ್ಣ ನಿಲ್ಲಿಸುವ ತೀರ್ಮಾನವೂ ಆಗಿ, ಆಮೇಲೆ ಬದಲಾಯಿತು. ಅಲ್ಲಿಯೂ ಒಂದು ದಿನ ಗಂಟೆ ಬಾರಿಸಬಹುದು. ನ್ಯೂಜಿಲೆಂಡ್ ಸರಕಾರ 2024ರ ಡಿಸೆಂಬರಿನಲ್ಲಿ ನಾಯಿ ಓಟವನ್ನು ನಿಲ್ಲಿಸುವುದಾಗಿ ಹೇಳಿದಾಗ ಸುಮಾರು 20 ತಿಂಗಳ ಗಡುವು ಇಟ್ಟಿತ್ತು. ನಾಯಿಗಳಿಗೆ ಮನೆ ಹುಡುಕಲು, ಕೆಲಸಗಾರರು ಬೇರೆ ದಾರಿ ನೋಡಿಕೊಳ್ಳಲು ಆ ಸಮಯ ಬೇಕೆಂದು ಅದು ಒಪ್ಪಿಕೊಂಡಿತ್ತು. ವಾರ್ನಂಬೂಲಿನ ಲಾಯಗಳಿಗೆ ಅಂಥ ಗಡುವನ್ನೂ ಅದಕ್ಕೆ ಬೇಕಾದ ಹಣವನ್ನೂ ಮೊದಲೇ ಕೇಳಬೇಕಾದವರಲ್ಲಿ ಆ ಊರಿನ ಧರ್ಮಕೇಂದ್ರಗಳೂ ಸೇರಿವೆ.